ಹುಲಿಗೆಪ್ಪನಿಗೊಂದು ದಂಡೆ

ಗೂಗಲ್, ತಾ. ದೇವದುರ್ಗ
೧೪ ನವೆಂಬರ್ ೧೯೮೩

ನಮ್ಮ ಹಂಪಮ್ಮನ ಅಪ್ಪನವರಿಗೆ, ಆದೆಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಹಂಪಮ್ಮನಿಗೆ ಮುಂದಿನ ಹಲ್ಲು ಬಿದ್ದಿದೆ, ಅಪ್ಪನಿಗೆ ತಿಳಿಸು ಎಂದು ಬೆನ್ನು ಹತ್ತಿದ್ದಳು, ತಿಳಿಸಿದ್ದೇನೆ. ಕೃಷ್ಣೆಯಲ್ಲಿ ನೀರು ಇಳಿದಿದೆ. ಮಾವ ಹರಿಗೋಲನ್ನು ದಂಡೆಗೆಳೆದು ಬೋರಲು ಹಾಕಿದವರು ಮತ್ತೆ ನೀರಿಗಿಳಿಸಿಲ್ಲ.

ನಿಮ್ಮ ಕೊನೆಯ ಕಾಗದ ಬಂದದ್ದು ಶಿವರಾತ್ರಿಗೆ. ಮಾವ ಕೇಳಿದಾಗಲೆಲ್ಲ, ದಂಡೆ ದಂಡೆ ಅಲೆಯುವವರಿಗೆ ಬರೆಯಲು ಪುರುಸೊತ್ತು ಎಲ್ಲಿರುತ್ತದೆ ಎಂದು ನಾನೇ ನಿಮ್ಮ ಪರ ವಹಿಸಿ ಮಾತಾಡುತ್ತೇನೆ. ಮದುವೆಯಾದಾಗಿನಿಂದ ನಿಮ್ಮ ಪರ ಇಷ್ಟು ಮಾತಾಡಿದವಳಲ್ಲ.

ಹುಲಿಗೆಪ್ಪ ಹೋಗಿ ಒಂದು ವರ್ಷ ದಾಟಿತು. ಹೋಟೆಲು ಕಟ್ಟುವ ಕೆಲಸಕ್ಕೆಂದು ಅಣ್ಣ ತಮ್ಮ ಇಬ್ಬರೂ ಆ ಸೈಪ್ರಸ್ ದ್ವೀಪಕ್ಕೆ ಹೋದಿರಿ. ಹೋದ ವರ್ಷದ ಶ್ರಾವಣದ ಒಂದು ರಜೆಯ ದಿನ ಅವನು ಅಂಗಿಯನ್ನು ಕಲ್ಲಿನ ಮೇಲಿಟ್ಟು ಸಮುದ್ರಕ್ಕಿಳಿದ. ಅಂಗಿ ಮಾತ್ರ ಸಿಕ್ಕಿತು. ತುಂಬಿದ ಹೊಳೆಯನ್ನು ಅಡ್ಡ ಈಜಿ ಬರುತ್ತಿದ್ದ ಹುಡುಗ, ಹರಿಯದ ನೀರು ನನಗೇನು ಮಾಡೀತು ಎಂದುಕೊಂಡಿರಬೇಕು.

ಸುದ್ದಿ ಬಂದ ದಿನ ಮಾವ ಅಳಲಿಲ್ಲ. ಹೊಳೆಯಲ್ಲಿ ಮುಳುಗಿದವರನ್ನೆಲ್ಲ ಹುಡುಕಿ ತೆಗೆದವರು ಅವರು, ನಿಮಗೂ ಹುಡುಕುವ ದಾರಿ ಹೇಳಿಕೊಟ್ಟರು. “ನೀರು ಹರಿಯೋ ಕಡಿಗೆ ನಡಿ ಅಂತ ಬರಿ. ತಿರುವಿನಾಗ ತಡೀತದ,” ಎಂದರು. ನಾನು ಹಾಗೆಯೇ ಬರೆದೆ, ನೀವು ಹಾಗೆಯೇ ನಡೆದಿರಿ. ಸಮುದ್ರಕ್ಕೆ ಮೇಲು ಕೆಳಗು ಎಂಬುದಿಲ್ಲ, ಹೋದ ನೀರೇ ತಿರುಗಿ ಬರುತ್ತದೆ ಎಂದು ಎಷ್ಟೋ ದಿನದ ಮೇಲೆ ನೀವೇ ಬರೆದಿರಿ. ಹೊಳೆ ದಂಡೆಯ ನಮಗೆ ಅದು ಹೇಗೆ ಗೊತ್ತಾಗಬೇಕು? ಗೊತ್ತಾದ ಮೇಲಾದರೂ ನಿಲ್ಲಬಹುದಿತ್ತು. ಬಂದ ರಜೆಯಲ್ಲೆಲ್ಲ ಮತ್ತೆ ನಡೆದಿರಿ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಆ ಕಾಗದಗಳ ದಾರಿ ಕಾಯುವ ಚಟ ನನಗೆ ಹತ್ತಿತ್ತು. ಒಂದು ದಂಡೆಯಲ್ಲಿ ಆಮೆಗಳು ಮರಳು ಕೆದರಿ ಮೊಟ್ಟೆಯಿಟ್ಟು ಹೋಗುತ್ತವೆ ಎಂದು ಬರೆದಿರಿ. ಇನ್ನೊಂದರಲ್ಲಿ ಮರಳೇ ಇಲ್ಲ, ಬಿಳಿ ಉರುಟು ಕಲ್ಲುಗಳು, ಅಲೆ ಹಿಂದೆ ಸರಿದಾಗ ಅವೆಲ್ಲ ಗಲಗಲ ಎನ್ನುತ್ತವೆ. ಮತ್ತೊಂದರಲ್ಲಿ ಬಂಡೆಯೊಳಗೆ ಗವಿ, ಗವಿಯೊಳಗೆ ನೀಲಿ ನೀರು, ಅದರ ಬೆಳಕು ಕಲ್ಲಿನ ಮೇಲೆ ಆಡುತ್ತಿರುತ್ತದೆ. ಹೆಣ ಹುಡುಕಲು ಹೋದವರು ಬರೆದದ್ದನ್ನು ಓದಿ ಎಷ್ಟು ಚೆಂದ ಎಂದು ಕುಳಿತುಬಿಟ್ಟೆನಲ್ಲ, ನನ್ನ ಬಗ್ಗೆ ನನಗೇ ಹೇಸಿಕೆಯಾಗಿತ್ತು. ಚೆಂದ ಕಂಡದ್ದಕ್ಕೆ ನಿಮಗೂ ಹಾಗೇ ಆಗಿರಬೇಕು, ಅಂಥ ಕಾಗದಗಳ ಕೊನೆಯಲ್ಲಿ ನೀವು ನಿಮ್ಮ ಹೆಸರನ್ನೇ ಬರೆಯುತ್ತಿರಲಿಲ್ಲ.

ಈಗ ಹುಲಗೆಮ್ಮನ ವಿಷಯ. ಹುಲಿಗೆಪ್ಪನ ಕೈಹಿಡಿದ ನನ್ನ ನೆಗೆಣ್ಣಿಗೆ ಇನ್ನೂ ಇಪ್ಪತ್ತು ತುಂಬಿಲ್ಲ. ಕೈಯಲ್ಲಿ ಬಳೆ ಇವೆ, ಹಣೆಯಲ್ಲಿ ಕುಂಕುಮ ಇದೆ, ಆದರೆ ಯಾರ ಮನೆಯ ಮದುವೆಗೂ ಅವಳನ್ನು ಕರೆಯುವುದಿಲ್ಲ. ಹೆಣವಿಲ್ಲದೆ ಮಣ್ಣು ಮಾಡುವುದು ಹೇಗೆಂದು ಮಾವ ಹಟ ಹಿಡಿದಿದ್ದಾರೆ. ಮಣ್ಣಾಗದೆ ಸತ್ತವರ ದಿನ ಮಾಡುವಂತಿಲ್ಲ, ದಿನ ಆಗದೆ ಅವಳಿಗೆ ಬಿಡುಗಡೆಯಿಲ್ಲ. ದೀಪಾವಳಿಗೆ ಕಲ್ಲೂರಿನಿಂದ ಅವಳ ತಂದೆ ಬಂದಿದ್ದರು. ಮಾನ್ವಿಯ ಕಡೆ ಒಳ್ಳೆಯ ಮನೆತನವಿದೆ, ಉಡಿಕೆ ಮಾಡಿಕೊಳ್ಳಲು ಅವರು ಒಪ್ಪಿದ್ದಾರೆ, ಸಂಕ್ರಾಂತಿಯವರೆಗೆ ಕಾಯುತ್ತಾರೆ ಎಂದರು. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿ ಇನ್ನೊಂದು ಮನೆಗೆ ಕೊಡಲು ಬರುತ್ತದೆ. ಗಂಡ ಕಳೆದುಹೋದವಳಿಗೆ ಏನೂ ಇಲ್ಲ. ಮಾವ ಒಂದೇ ಮಾತು ಹೇಳಿದರು: “ಹೆಣ ಸಿಗೂ ತನಕ ನನ್ನ ಮಗ ಸತ್ತಿಲ್ಲ. ಅವನಣ್ಣ ಯಂಕಣ್ಣ ಹುಡುಕಾಕತ್ಯಾನ.” ಬೀಗರು ನೀರು ಕೂಡ ಕುಡಿಯದೆ ಎದ್ದು ಹೋದರು.

ಅವರು ಹೋದ ಮೇಲೆ ಹುಲಗೆಮ್ಮ ರೊಟ್ಟಿ ಬಡಿಯುತ್ತ ಕುಳಿತಿದ್ದಳು. ಹಿಟ್ಟಿನ ಕೈ ನಿಲ್ಲಿಸದೆ ನನಗೆ ಹೇಳಿದಳು: “ಯಕ್ಕಾ, ಅಂವ ಎಲ್ಲಿ ಅದಾನ ಅಂತ ನಾ ಕೇಳಂಗಿಲ್ಲ. ನಾ ಏನಾಗೀನಿ, ಅದೊಂದು ಹೇಳು.”

ಅದಕ್ಕೆ ಉತ್ತರ ನಿಮ್ಮ ಕೈಯಲ್ಲಿದೆ.

ಹುಲಿಗೆಪ್ಪ ಸಿಕ್ಕ ಎಂದು ಬರೆಯಿರಿ. ಸಿಕ್ಕ, ಗುರುತು ಹಿಡಿದೆ, ನನ್ನ ಕೈಯಾರೆ ಮಣ್ಣು ಮಾಡಿದೆ ಎಂದು ಬರೆಯಿರಿ. ಸುಳ್ಳು ಎಂದು ನನಗೂ ಗೊತ್ತು, ಅದರ ಪಾಪ ನನ್ನ ಲೆಕ್ಕಕ್ಕಿರಲಿ. ನಾನು ಬಾಯಲ್ಲಿ ಹೇಳಿದರೆ ಮಾವ ನಂಬುವುದಿಲ್ಲ. ಅವರಿಗೆ ಓದಲು ಬಾರದು, ಆದರೂ ಪರದೇಶದ ಸ್ಟಾಂಪು ಹಚ್ಚಿದ ಲಕೋಟೆಯನ್ನು ಅಂಗೈಯಲ್ಲಿ ಹಿಡಿದರೆ ಮಾತ್ರ ಅವರಿಗೆ ಸಮಾಧಾನ. ಯಾವ ದಂಡೆ ಎಂದು ಬರೆಯಲು ನಿಮಗೆ ತೋಚದಿರಬಹುದು, ಅದಕ್ಕೇ ನಾನೇ ಆರಿಸಿದ್ದೇನೆ. ಶಿವರಾತ್ರಿಯ ಕಾಗದದಲ್ಲಿ ಬರೆದಿರಲ್ಲ, ಮೇಕೆಗಳ ಕಾಲುದಾರಿಯಲ್ಲಿ ಕೈಯೂರಿ ಇಳಿಯಬೇಕಾದ ಆ ಸಣ್ಣ ದಂಡೆ, ಅದು. ಅಲ್ಲಿ ಹುಣಸೆಯಂಥ ಕರಿಕಾಯಿ ಬಿಡುವ ಮರದ ನೆರಳಿದೆ, ಬಂಡೆಯಿಂದ ಸಿಹಿನೀರು ಜಿನುಗುತ್ತದೆ, ಯಾರೂ ಬರುವುದಿಲ್ಲ ಎಂದಿದ್ದಿರಿ. ಅಲ್ಲಿ ಮಲಗಿದ್ದಾನೆ ಎಂದರೆ ನನಗೇ ನಂಬಬೇಕೆನಿಸುತ್ತದೆ.

ಬರೆದು, ಆಮೇಲೆ ಬಂದುಬಿಡಿ. ತಮ್ಮನನ್ನು ಬಿಟ್ಟು ಅಪ್ಪನ ಮುಂದೆ ಹೇಗೆ ನಿಲ್ಲಲಿ ಎಂದಿದ್ದಿರಿ. ಮಣ್ಣು ಮಾಡಿ ಬಂದವನನ್ನು ಯಾರೂ ಏನೂ ಕೇಳುವುದಿಲ್ಲ. ನನಗೆ ನೀವು ಬೇಕು. ಇದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಈಗ ಬರೆಯಲು ನಾಚಿಕೆಯೂ ಉಳಿದಿಲ್ಲ. ರಾಯಚೂರು ಸ್ಟೇಷನ್ನಿಗೆ ಯಾವ ಗಾಡಿಗೆ ಬಂದರೂ ನಾನು ಅಲ್ಲಿರುತ್ತೇನೆ.

ಇತಿ, ನಿಮ್ಮ ಮನೆಯವಳು,
ಆದೆಮ್ಮ

ತಾ.ಕ.: ದಸರೆಯಿಂದೀಚೆಗೆ ನಿಮಗೆ ಬರೆದ ಎರಡು ಕಾಗದ ಒಡೆಯದೆ ವಾಪಸು ಬಂದಿವೆ. ಮೇಲಿನ ಮುದ್ರೆ ದೇವದುರ್ಗದ ಪೋಸ್ಟಿನವರಿಗೆ ಓದಲು ಬರಲಿಲ್ಲ. ಮನೆಯಲ್ಲಿ ಸುಳ್ಳು ಹೇಳಿ ರಾಯಚೂರಿಗೆ ಹೋಗಿ, ನಿಮ್ಮನ್ನು ಕಳಿಸಿದ ಏಜೆಂಟನನ್ನು ಕೇಳಿದೆ. ಹೋಳಿಗೆ ಮೊದಲೇ ನೀವು ಕೆಲಸ ಬಿಟ್ಟು ದಂಡೆಯ ಕಡೆ ನಡೆದು ಹೋದಿರಂತೆ, ಆಮೇಲೆ ಯಾರೂ ನೋಡಿಲ್ಲವಂತೆ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಈ ಕಾಗದವನ್ನು, ಆ ಸಣ್ಣ ದಂಡೆಯ ಮೇಲಿನ ಊರಿನಲ್ಲಿ ನಿಮಗೆ ಚಹಾ ಕೊಡುತ್ತಿದ್ದವನ, ನೀವೇ ಶಿವರಾತ್ರಿಯ ಕಾಗದದಲ್ಲಿ ಬರೆದಿದ್ದ ವಿಳಾಸಕ್ಕೆ ಹಾಕುತ್ತಿದ್ದೇನೆ. ಹುಲಿಗೆಪ್ಪನಿಗೆ ದಂಡೆ ಆರಿಸಿದೆ. ನಿಮಗೂ ನನ್ನ ಕೈಯಿಂದಲೇ ಒಂದು ಆರಿಸುವಂತೆ ಮಾಡಬೇಡಿ.