ನಡುವಿನ ಸಿಲಿಂಡರಿನ ಗುರುತು

ಅಲ್ಲಾ, ಮತ್ತ ಮೊದಲಿಂದ ಹೇಳಾಕ ಹತ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ ಬೇಟಾ. ಫೋನಿನಾಗ ಮೂರ ಸರ್ತಿ ಮಾತಾಡಿ ರೆಕಾರ್ಡ್ ಮಾಡಿ ಮೂರ ಸರ್ತಿ ಅಳಿಸಿದ್ನಿ. ಒಮ್ಮೆ ಕೆಮ್ಮ ಬಂತು, ಒಮ್ಮೆ ಗಿರಾಕಿ ಬಂತು, ಒಮ್ಮೆ ಬರೇ ಸುಳ್ಳ ಬಂತು. ಇದನ್ನರ ಪೂರಾ ಕೇಳು.

ನಮ್ಮ ಕಾಲದ ಕಾಗದದಂಗ ಹೇಳತೇನಿ. ಯರಗಟ್ಟಿ, ಮಂಗಳವಾರ, ಮಧ್ಯಾನ. ಬೈಲಹೊಂಗಲದಾಗಿರೂ ನನ್ನ ಮಗಳು ಫಿರದೋಸಗ ನಿನ್ನ ಅಬ್ಬಾನ ಸಲಾಂ. ಇಲ್ಲೆ ಎಲ್ಲಾ ಅರಾಮ. ನಿಮ್ಮ ಅಮ್ಮಿ ನನಗ ಊಟದ ತಾಟ ಹಚ್ಚತಾಳ, ನನ್ನ ಕೂಡ ಮಾತಾಡೂದಿಲ್ಲ. ನೀ ಹ್ವಾದಾಗಿಂದ ಹಿಂಗ, ಎಂಟ ತಿಂಗಳಾತು.

ಮುಂಜಾನೆ ನಿಮ್ಮ ಗ್ಯಾರೇಜಿನ ಮಾಲಕರು ವಿರೂಪಾಕ್ಷ ಅವರು ಫೋನ್ ಮಾಡಿದ್ರು. "ಬುಡನಸಾಬ್ರ, ನಿಮ್ಮ ಮಗಳ ಕೈಯಾಗ ಇಂಜಿನ್ ಬಿಚ್ಚಾಕ ಕೊಡಬಹುದೋ, ಇಲ್ಲಾ ಬರೇ ಆಯಿಲ್ ಬದಲಿ ಮಾಡಕೋಂತ ಇರಲ್ಯೋ? ಸಿರಸಂಗಿ ಭರಮಪ್ಪ ಊರತುಂಬ ಏನೇನರ ಹೇಳಕೋಂತ ಅಡ್ಡಾಡಾಕ ಹತ್ಯಾನ. ಕಲಿಸಿದವರು ನೀವು, ನೀವ ಹೇಳ್ರಿ" ಅಂದ್ರು. ನಾ ಏನಂದ್ನಿ ಗೊತ್ತೇನ? "ಸಂಜಿಕ ಹೇಳತೇನ್ರಿ" ಅಂದ್ನಿ. ಮೂವತ್ತ ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದಾಂವ, ಸ್ವಂತ ಮಗಳ ಸಲುವಾಗಿ ಒಂದ "ಹೌದು" ಅನ್ನಾಕ ಸಂಜಿತನಕ ಟೈಮ್ ಕೇಳಿದ್ನಿ.

ನೀ ಹತ್ತ ವರ್ಷದಾಕಿ ಇದ್ದಾಗ ನಿನ್ನ ಇಂಜಿನ್ ಮುಂದ ನಿಂದರ್ಸಿ, ವಾಲ್ವ್ ಎಲ್ಲೆ ಅದಾವ ಹುಡುಕು ಅಂದಿದ್ನಿ. ನೀ ಕೆಳಗ ಹುಡುಕಿದಿ, ಬಾಜೂಕ ಹುಡುಕಿದಿ, ಮಾರಿತುಂಬ ಮಸಿ ಮಾಡಕೊಂಡು "ಇದಕ್ಕ ಇಲ್ಲಾ ಅಬ್ಬಾ" ಅಂದಿ. ನಾ ಮ್ಯಾಲಿನ ಮುಚ್ಚಳಾ ತಗದು ತೋರಿಸಿದ್ನಿ. ಕ್ಯಾಮ್ ಕೆಳಗ ತಿರಗತೈತಿ, ಉದ್ದನ ಕಬ್ಬಿಣದ ಸಳಿ ಮ್ಯಾಲಕ್ಕ ಏರತೈತಿ, ರಾಕರ್ ನೀರಿನ ಬೋರಿಂಗಿನ ಹಿಡಿಕಿಯಂಗ ಆ ಕಡಿ ಎದ್ದು ಈ ಕಡಿ ಒತ್ತತೈತಿ, ಆಗ ಪಿಸ್ಟನ್ ತಲಿಮ್ಯಾಗ ತೂಗಬಿದ್ದ ವಾಲ್ವ್ ಬಾಯಿ ತಗೀತೈತಿ. ಒಂದ ಸಿಲಿಂಡರಿಗೆ ಎರಡು. ಒಂದು ಗಾಳಿ ಒಳಗ ಬಿಡೂದು, ಒಂದು ಹೊಗಿ ಹೊರಗ ಹಾಕೂದು. ಯಾವದು ಯಾವದಂತ ಬಾಯಿಪಾಠ ಮಾಡಬ್ಯಾಡ, ಸೈಲೆನ್ಸರ್ ಪೈಪಿನ ಮ್ಯಾಲೆ ಬೆರಳ ಇಟ್ಟು ಅದರ ಗುಂಟ ಬಾ, ಅದು ಎಲ್ಲೆ ಸಿಲಿಂಡರ್ ಮ್ಯಾಲಿನ ಹೆಡ್ಡಿಗೆ ಕೂಡತೈತಿ ಅಲ್ಲಿಂದು ಹೊಗಿ ವಾಲ್ವ್. ಇದನ್ನ ಹೇಳಿಕೊಟ್ಟಾಂವ ನಾನ.

ಭರಮಪ್ಪನ ಮೂರ ಸಿಲಿಂಡರಿನ ಗಾಡಿ ಬಂದ ದಿನ ನನಗ ನಡಾ ಹಿಡದಿತ್ತು. ಬಗ್ಗಿ ನೋಡೂದ ಆಗಲಿಲ್ಲ. ಸ್ಟೂಲ್ ಮ್ಯಾಲೆ ಕುಂತಕೋಂತನ ನೇಲ್ ಪಾಲಿಶ್ ಬಾಟ್ಲಿ ತಗೊಂಡು ಹೆಡ್ಡಿನ ಅಂಚಿಗೆ ಕೆಂಪ ಗುರುತ ಹಚ್ಚಿದ್ನಿ. ಗೆರಿ ಅಂದ್ರ ಗಾಳಿ, ಚುಕ್ಕಿ ಅಂದ್ರ ಹೊಗಿ. ಗೆರಿ ಚುಕ್ಕಿ, ಗೆರಿ ಚುಕ್ಕಿ, ಗೆರಿ ಚುಕ್ಕಿ. ಹಳೇ ಇಂಜಿನ್ ಹಂಗ ಇರತಿದ್ದುವು. ಆ ಇಂಜಿನ್ನಿನಾಗ ನಡುವಿನ ಜೋಡಿ ಉಲ್ಟಾ ಇತ್ತು. ನೀ ನೋಡಿದಿ. "ಅಬ್ಬಾ, ನಡುವಿಂದು ಪೈಪಿಗೆ ಕೂಡವಲ್ದು, ಒಮ್ಮೆ ಬೆರಳ ಇಟ್ಟ ನೋಡ್ರಿ" ಅಂದಿ. ಭರಮಪ್ಪ ಬಾಜೂಕ ಚಾ ಕುಡಕೋಂತ ನಿಂತಿದ್ದ. ಗಿರಾಕಿ ಮುಂದ ಮಗಳು ತಪ್ಪ ತಗದ್ಲಂತ ನನಗ ಉರದ ಹೋತು. "ನೀ ಹುಟ್ಟೂಕಿಂತ ಮೊದಲಿಂದ ಬಿಚ್ಚಾಕ ಹತ್ತೇನಿ, ಗುರುತ ನೋಡಿ ವಾಲ್ವಿನ ಸಂದಿಗೆ ಗೇಜ್ ಹಾಕು" ಅಂದ್ನಿ. ನೀ ಹಾಕಿದಿ.

ಹೊಗಿ ವಾಲ್ವಿಗೆ ಸಂದು ಚೂರ ಹೆಚ್ಚ ಬೇಕು, ಕಾದು ಉದ್ದ ಆಗತೈತಿ. ಅದಕ್ಕ ಗಾಳಿ ವಾಲ್ವಿನ ಸಣ್ಣ ಸಂದ ಕೊಟ್ಟರ ಬಾಯಿ ಪೂರಾ ಮುಚ್ಚೂದಿಲ್ಲ, ಬೆಂಕಿ ಅಲ್ಲೆ ಸೋರಿ ಅಂಚ ಸುಡತೈತಿ. ಹದಿನೈದ ದಿನಕ್ಕ ಗಾಡಿ ಕಬ್ಬಿನ ಲೋಡ್ ಎಳೀಲಾರದ ಬುಸಗುಟ್ಟಕೋಂತ ವಾಪಸ್ ಬಂತು. ಹೆಡ್ ತಗದ್ವಿ. ನಡುವಿನ ಹೊಗಿ ವಾಲ್ವಿನ ಅಂಚು ಇಲಿ ಕಡದ ಬಿಸ್ಕಿಟ್ ಆಗಿತ್ತು.

"ಬುಡನಸಾಬ್ರ, ಹೆಣ್ಣಮಗಳ ಕೈಯಾಗ ಪಾನಾ ಕೊಟ್ರ ಇಂಜಿನ್ನಿಗೂ ನಾಚಿಕಿ ಬರತೈತೇನೋ" ಅಂತ ಭರಮಪ್ಪ ನಕ್ಕ. ನಾನೂ ನಕ್ನಿ. ಅದ ನನಗ ಇವತ್ತಿಗೂ ತಡಕೊಳ್ಳಾಕ ಆಗೂದಿಲ್ಲ, ನಾನೂ ನಕ್ನಿ. "ಹೌದ್ರಿ, ಹುಡುಗಿ ಗೇಜ್ ತಪ್ಪ ಹಾಕ್ಯಾಳ" ಅಂದ್ನಿ. ನೀ ಕೈ ತೊಳಕೊಂಡು ಮನಿಗೆ ಹ್ವಾದಿ. ಮರದಿನ ಬೈಲಹೊಂಗಲ ಬಸ್ ಹತ್ತಿದಿ.

ಆವತ್ತ ನನಗ ತಿಳೀಲಿಲ್ಲ ಬೇಟಾ. ನೀ ಹ್ವಾದಮ್ಯಾಲೆ ಒಬ್ಬಾವನ ಕುಂತು ಪೈಪಿಗೆ ಬೆರಳ ಇಟ್ಟ ನೋಡಿದಾಗ ತಿಳೀತು, ತಪ್ಪ ನಂದಂತ.

ಈಗ ಭರಮಪ್ಪಗ ಗ್ಯಾರೇಜಿಗೆ ಬಾ ಅಂತ ಹೇಳಿ ಕಳಿಸೇನಿ. ಅವನ ಎದುರಿಗೇ ವಿರೂಪಾಕ್ಷ ಅವರಿಗೆ ಫೋನ್ ಹಚ್ಚತೇನಿ. ಇಬ್ಬರೂ ಕೂಡೇ ಕೇಳಲಿ, ಗುರುತ ಹಚ್ಚಿದ ಕೈ ಯಾರದು ಅಂತ. ನನ್ನ ಗ್ಯಾರೇಜಿಗೆ ನಾಳಿ ಗಿರಾಕಿ ಬರಲಿ ಬಿಡಲಿ. ನಿನಗ ಇಂಜಿನ್ ಕೆಲಸ ಸಿಗಬೇಕು.

ಇಷ್ಟ ಹೇಳಿ ಮುಗಸತೇನಿ.
ಬುಡನಸಾಬ, ನಿನ್ನ ಅಬ್ಬಾ.

ತಡಿ, ಬಂದ್ ಮಾಡಬ್ಯಾಡ. ಹೆಸರ ಹೇಳಿದಮ್ಯಾಲೂ ಒಂದ ಮಾತ ಉಳದೈತಿ. ತಿಳೀಲಿಲ್ಲ ಅಂದ್ನೆಲ್ಲಾ, ಅದು ಸುಳ್ಳು. ಹೆಡ್ ತಗದ ಕೂಡ್ಲೇ ತಿಳದಿತ್ತು. ಕೆಂಪ ಗುರುತ ಅಲ್ಲೇ ಇದ್ದುವು. ಭರಮಪ್ಪ ಆ ಕಡಿ ಹೊಳ್ಳಿ ಫೋನಿನಾಗ ಇದ್ದ. ನಾ ಥಿನ್ನರ್ ಅರಿವಿ ತಗೊಂಡು ನಡುವಿನ ಗುರುತ ತಿಕ್ಕಿ ಒರಸಿದ್ನಿ. ತಲಿ ಎತ್ತಿದ್ರ ಎದುರಿಗೆ ನೀ ನಿಂತಿದ್ದಿ, ನನ್ನ ಕೈ ನೋಡಕೋಂತ. ಆಮ್ಯಾಲೆ ನಾ ನಿನ್ನ ಹೆಸರ ಹೇಳಿದಾಗ ನೀ ಕೈ ತೊಳಕೊಳ್ಳಾಕ ಹ್ವಾದಿ. ನೀ ನಿಮ್ಮ ಅಮ್ಮಿಗೂ ಹೇಳಿಲ್ಲ, ಹೇಳಿದ್ದಿದ್ರ ಆಕಿ ನನಗ ತಾಟನೂ ಹಚ್ಚತಿರಲಿಲ್ಲ...

ಹಾಂ, ಹೊರಗ ಭರಮಪ್ಪ. "ಬುಡನಸಾಬ್ರ, ಎಲ್ಲದೀರಿ, ಯಾಕ ಕರಸಿದ್ರಿ?" ಅಂತ ಒದರಾಕ ಹತ್ಯಾನ. ಒರಸಿದ್ದನ್ನೂ ಹೇಳತೇನಿ ಬೇಟಾ, ಅದನ್ನ ಮೊದಲ ಹೇಳತೇನಿ. ಬಂದ್ನ್ರಿ ಭರಮಪ್ಪಾರ, ಬಂದ್ನಿ! ಇಡತೇನಿ.