ಅಜ್ಜಿಗೆ ಎಡಗಡೆಯ ಕಿಟಕಿ

ಅಜ್ಜಿ,

"ಟೂರಿಸ್ಟ್ ಥರ ನೀನು ಕಿಟಕಿಗೆ ಮೂಗು ಒತ್ತಿದ್ದು ಸಾಲ್ದಾ? ಅಜ್ಜಿ ಮರ್ಯಾದೇನೂ ತೆಗೀತೀಯೇನೋ, ಶಾಲೆ ಬಿಟ್ಟವ್ನೇ?" ನೀನು ಕಿಟಕಿ ಪಕ್ಕವೇ ಕೂರಬೇಕು ಎಂದು ನಾನಂದದ್ದಕ್ಕೆ, ನಿನ್ನೆ ಕಾಫಿಗೆ ಬಂದ ನೆಂಟರೆದುರು ತೂರ್‌ಲೈಫ್ ಮಾವ ನನಗೆ ಹೀಗಂದರಲ್ಲ, ಮೈ ಇನ್ನೂ ಉರಿಯುತ್ತಿದೆ. ಊರಿನವರು ವಿಮಾನದಲ್ಲಿ ಬಸ್ಸಿನಲ್ಲಿ ಕೂತಂತೆ ನಿದ್ದೆ ಮಾಡಬೇಕಂತೆ! ನೀನು ಕಣ್ಣು ಮುಚ್ಚಿದರೆ ನೋಡು.

ನೀನು ಬೋಡೋ ಪಟ್ಟಣಕ್ಕೆ ಹೋಗುವ ಆ ಪುಟ್ಟ ವಿಮಾನದಲ್ಲಿ ಮೊದಲು ಹತ್ತಿದವರು ಬೇಕಾದಲ್ಲಿ ಕೂರಬಹುದು. ಅದಕ್ಕೇ ಬಾಗಿಲ ಹತ್ತಿರವೇ ನಿಂತಿರು. ಎಡಗಡೆ, ತೀರ ಹಿಂದಿನ ಕಿಟಕಿ. ನಡುವೆ ಕೂತರೆ ಎಂಜಿನ್ ಅಡ್ಡ ಬರುತ್ತದೆ. ಬಲಗಡೆ ಬೆಟ್ಟ ಚಂದ ಎಂದು ಯಾರಾದರೂ ಕರೆದರೂ ಹೋಗಬೇಡ.

ಕನ್ನಡಕ ಒರೆಸಿಕೋ. ಸಮುದ್ರ ಶುರುವಾದ ಕೂಡಲೇ ಕೆಳಗೆ ನೀನು ಹುಟ್ಟಿದ ದ್ವೀಪ! ಕುಸಿದುಹೋಯಿತು ಎಂದು ಮಾವ ಹೇಳುತ್ತಾ ಬಂದ ನಿಮ್ಮ ಕೆಂಪು ಮನೆ ನಿಂತೇ ಇದೆ, ಅಜ್ಜಿ. ಹೋದ ವಾರ ಅದೇ ಕಿಟಕಿಯಿಂದ ಕಣ್ಣಾರೆ ನೋಡಿದೆ.

ಕಂದು ಚೀಸಿನ ಬ್ರೆಡ್ಡು ಚೀಲದಲ್ಲಿದೆ. ಹತ್ತುವ ಮೊದಲೇ ತಿಂದುಬಿಡು, ತಿನ್ನುತ್ತಾ ಕೂತರೆ ದ್ವೀಪ ದಾಟಿಹೋಗುತ್ತದೆ.

ಮಾವ ಎದ್ದರು. "ಏನೋ ಗೀಚ್ತಿದ್ದೀಯಾ, ಟೂರಿಸ್ಟು?" ಎಂದು ಮೆಟ್ಟಿಲ ಮೇಲಿಂದ ಕೂಗುತ್ತಿದ್ದಾರೆ. ಈ ಚೀಟಿಯನ್ನು ಬ್ರೆಡ್ಡಿನ ಜೊತೆ ಇಟ್ಟು ದೋಣಿ ಕೆಲಸಕ್ಕೆ ಹೊರಟೆ.

ಐವಿನ್