ಅಂಚಿನಲ್ಲಿ ಬರೆದ ಹೆಸರು

ಬಾಡಿಗೆ ಕೋಣೆ, ಮೂರನೇ ಮಹಡಿ
ತಾ. ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀನು ಕಿವಿಗೆ ಹಾಕಿಕೊಂಡಿರುವುದಿಲ್ಲ, ಅದು ಗೊತ್ತು. ದಿನಕ್ಕೆ ಒಂದು ಸಲವಾದರೂ ಕಡಿಮೆ ಹತ್ತು. ಭಾವನ ಕಣ್ಣಿನ ಕಟ್ಟು ಬಿಚ್ಚಿದರೇ? ಎರಡು ವಾರ ಪೇಪರ್ ಓದದೆ ಕೂತ ಭಾವ ನಿನ್ನ ತಲೆ ಎಷ್ಟು ತಿಂದಿರಬಹುದು ಎಂದು ನೆನೆಸಿಕೊಂಡು ಇಲ್ಲಿ ಒಬ್ಬನೇ ನಕ್ಕೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಉಳಿದಂತೆ ಕ್ಷೇಮ. ಅಕ್ಕಾ, ನಾನು ಮನೆಯಲ್ಲಿಲ್ಲ. ಯಾವ ದೇಶಕ್ಕೆ ಕಾಲಿಡಬೇಡ ಎಂದು ನೀನು ಫೋನಿನಲ್ಲಿ ಅತ್ತಿದ್ದೆಯೋ ಅಲ್ಲಿಗೇ ಬಂದು ನಾಲ್ಕು ದಿನವಾಯಿತು. ನನಗೆ ತುಂಬಾ ಭಯವಾಗಿದೆ. ನಿನ್ನ ಹತ್ತಿರ ಸುತ್ತಿ ಬಳಸಿ ಹೇಳುವುದೇನಿದೆ.

ಎದುರಿನ ಫುಟ್‌ಪಾತಿನ ಪಕ್ಕ ಸೋಮವಾರದಿಂದ ಒಂದು ಬೂದು ಬಣ್ಣದ ಕಾರು ನಿಂತಿದೆ. ಒಳಗಿನ ಇಬ್ಬರು ಸರದಿಯ ಮೇಲೆ ತೂಕಡಿಸುತ್ತಾರೆ. ಅವಿತುಕೊಳ್ಳುವ ಗೋಜಿಗೂ ಹೋಗುವುದಿಲ್ಲ. ನಾನು ಕಿಟಕಿಗೆ ಬಂದರೆ ಒಬ್ಬ ಕೈ ಎತ್ತುತ್ತಾನೆ. ನಿನ್ನೆ ಇಸ್ತ್ರಿ ಅಂಗಡಿಯವನು ಶರ್ಟು ಕೊಡುತ್ತಾ, “ನಿಮ್ಮ ಸ್ನೇಹಿತರು ಬಂದಿದ್ರು, ಇದು ನಿಮಗೆ ಯಾವತ್ತಿಗೆ ಬೇಕು ಅಂತ ಕೇಳಿದ್ರು” ಅಂದ. ಈ ಊರಿನಲ್ಲಿ ನನಗೆ ಸ್ನೇಹಿತರಿಲ್ಲ. ನಾಳೆ ಕೋರ್ಟಿಗೆ ಹಾಕಿಕೊಳ್ಳಬೇಕಾದ ಶರ್ಟು ಅದು. ಕೋಣೆಗೆ ಬಂದು ಕಾಲರು, ಜೇಬು, ತೋಳಿನ ಮಡಿಕೆ ಎಲ್ಲವನ್ನೂ ಮುಟ್ಟಿ ನೋಡಿದೆ. ಆಮೇಲೆ ನಾಚಿಕೆಯಾಯಿತು. ಆಮೇಲೆ ಇನ್ನೊಂದು ಸಲ ಮುಟ್ಟಿ ನೋಡಿದೆ.

ನಿನಗೆ ನಾನು ಅರ್ಧ ಕಥೆ ಮಾತ್ರ ಹೇಳಿದ್ದೇನೆ. ಬೇರೆಯವರ ದುಡ್ಡನ್ನು ಕಂಪನಿಗಳಲ್ಲಿ ತೊಡಗಿಸುತ್ತಿದ್ದ ಕಾಲದಲ್ಲಿ ನನಗೊಂದು ಹಠವಿತ್ತಲ್ಲ, ಮ್ಯಾನೇಜರರ ಕೋಣೆಯಲ್ಲಿ ಕಾಫಿ ಕುಡಿಯುವ ಮೊದಲು ಹಿಂದಿನ ಗೇಟಿನಿಂದ ಹೋಗಿ ಉಗ್ರಾಣ ನೋಡುವುದು. ಇಲ್ಲಿನ ಔಷಧ ಕಂಪನಿಯಲ್ಲೂ ಹಾಗೇ ಹೋದೆ. ಉಗ್ರಾಣ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಹೆಚ್ಚುಕಡಿಮೆ ನಿನ್ನದೇ ವಯಸ್ಸು, ಕುತ್ತಿಗೆಯಲ್ಲಿ ಬೀಗದ ಕೈ, ಮಾತಿನಲ್ಲಿ ನಿನ್ನಷ್ಟೇ ಖಾರ. ಮನಸ್ಸಿನಲ್ಲೇ ಅವರನ್ನು ಉಗ್ರಾಣದಮ್ಮ ಎಂದು ಕರೆದುಕೊಂಡೆ. ಹೆರಿಗೆಯ ನಂತರ ರಕ್ತ ನಿಲ್ಲಿಸುವ ಇಂಜೆಕ್ಷನ್ ಡಬ್ಬಿಗಳು ಸರ್ಕಾರಿ ಆಸ್ಪತ್ರೆಗಳಿಗೆ ಹೊರಡಲು ಸಿದ್ಧವಾಗಿ ತಗಡಿನ ಮಾಡಿನ ಕೆಳಗೆ ಬಿಸಿಲ ಝಳದಲ್ಲಿ ಕಾಯುತ್ತಿದ್ದವು. ಇವನ್ನು ಫ್ರಿಜ್ಜಿನಲ್ಲಿ ಇಡಬೇಕಲ್ಲವೇ ಎಂದೆ. ಅವರು ಆ ಕಡೆ ಈ ಕಡೆ ನೋಡಿ, “ಬರೀ ನೀರನ್ನ ತಣ್ಣಗಿಟ್ಟು ಏನು ಮಾಡೋದು ಸರ್?” ಅಂದರು. ಆರೋಗ್ಯ ಮಂತ್ರಿಯ ಕಚೇರಿಯವರೇ ಹಿಂದೆ ನಿಂತು ಕಂಪನಿ ನಡೆಸುತ್ತಿದ್ದರು, ಅದು ನನಗೆ ತಿಳಿದದ್ದು ಬಹಳ ತಡವಾಗಿ. ಔಷಧದ ಬೆಲೆಗೆ ನೀರು ಮಾರುತ್ತಿದ್ದರು. ಬಾಣಂತಿಯರು ಸಾಯುತ್ತಿದ್ದರು.

ಇನ್ನು ನಾನು ಮಾಡಿದ್ದು ಕೇಳು. ನನ್ನ ವರದಿಗಳಲ್ಲಿ ಒಂದೊಂದು ಮಾತಿನ ಪಕ್ಕದಲ್ಲೂ ಅದನ್ನು ಹೇಳಿದವರ ಹೆಸರು, ಹುದ್ದೆ ಅಂಚಿನಲ್ಲಿ ಬರೆಯುತ್ತಿದ್ದೆ. ಹೆಸರಿಲ್ಲದ ಸುದ್ದಿಗೆ ಯಾರೂ ದುಡ್ಡು ಹಾಕುವುದಿಲ್ಲ, ಕೈಕೆಳಗಿನವರಿಗೆಲ್ಲ ಇದನ್ನೇ ಕಲಿಸಿದ್ದೆ. ಈ ವರದಿಯಲ್ಲೂ ಬರೆದೆ. ಬರೆದು, ಆರೋಗ್ಯ ಮಂತ್ರಿಗೆ ವಿಷಯ ತಿಳಿದಿರಲಾರದು, ತಿಳಿದರೆ ಕ್ರಮ ತೆಗೆದುಕೊಳ್ಳುತ್ತಾರೆ ಎಂದುಕೊಂಡು ವಿನಯದ ಒಂದು ಪತ್ರದ ಜೊತೆ ಅವರಿಗೂ ಒಂದು ಪ್ರತಿ ಕಳುಹಿಸಿದೆ. ಅಂಚಿನ ಹೆಸರನ್ನು ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಆರನೇ ದಿನ ಉಗ್ರಾಣದಮ್ಮನನ್ನು ಹಿಡಿದುಕೊಂಡು ಹೋದರು. ವ್ಯವಹಾರ ಮಾರಿ, ಮೂರು ವರ್ಷದಿಂದ ದೇಶ ದೇಶ ಸುತ್ತಿ ಅವರ ಬಿಡುಗಡೆಗಾಗಿ ಭಾಷಣ ಮಾಡುತ್ತಿರುವ ನಿನ್ನ ತಮ್ಮನನ್ನು ನೀನು ದೊಡ್ಡ ಮನುಷ್ಯ ಎಂದುಕೊಂಡಿದ್ದೀಯ. “ಒಳ್ಳೇ ಕೆಲಸ ಮಾಡ್ತಿದೀಯ ಕಣೋ” ಎಂದು ನೀನು ಅಂದಾಗಲೆಲ್ಲ ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು.

ನಾಳೆ ಅವರ ಮೇಲ್ಮನವಿಯ ವಿಚಾರಣೆ. ಅವರ ವಿರುದ್ಧ ಇರುವ ಸಾಕ್ಷ್ಯ ಒಂದೇ, ಅವರೇ ಕೈಯಾರೆ ಬರೆದ ತಪ್ಪೊಪ್ಪಿಗೆ: ಡಬ್ಬಿಗಳಲ್ಲಿ ಔಷಧವೇ ಇತ್ತು, ವಿದೇಶಿಯಿಂದ ಲಂಚ ತಿಂದು ಸುಳ್ಳು ಹೇಳಿದೆ ಎಂದು. ಹದಿನೇಳು ದಿನ ಕೂಡಿಹಾಕಿದ ಮೇಲೆ ಬರೆದದ್ದು. ಅವರ ತಾಯಿಯನ್ನು ಮೊನ್ನೆ ನೋಡಿದೆ. ಅಂಚಿನ ವಿಷಯವನ್ನೂ ಹೇಳಿದೆ. ಮುದುಕಿ ನನ್ನನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ತಪ್ಪೊಪ್ಪಿಗೆಯ ನಕಲನ್ನು ಮುಂದಿಟ್ಟು, “ಅಕ್ಷರ ನನ್ನ ಮಗಳದೇ. ಆದ್ರೆ ಇಷ್ಟು ನೀಟಾಗಿ ಅವಳು ಯಾವತ್ತೂ ಬರೆದೋಳಲ್ಲ” ಅಂದರು. ಅವರ ವಕೀಲರ ಪ್ರಕಾರ, ಉಗ್ರಾಣ ನೋಡಿದವನು ಖುದ್ದಾಗಿ ಬಂದು ಹೇಳಿದರೆ ಮಾತ್ರ ನ್ಯಾಯಾಧೀಶರು ಕೇಳುತ್ತಾರಂತೆ. ಹೇಳದಿದ್ದರೆ ಇನ್ನೂ ಒಂಬತ್ತು ವರ್ಷ ಜೈಲು. ಜೈಲಿನಲ್ಲಿ ಕೆಟ್ಟುಹೋದ ಅವರ ಶ್ವಾಸಕೋಶ ಅಷ್ಟು ದಿನ ತಡೆಯುವುದಿಲ್ಲ. ನನ್ನನ್ನು ಮುಟ್ಟುವುದಿಲ್ಲ ಎಂದು ಸರ್ಕಾರ ಬರೆದುಕೊಟ್ಟಿದೆ, ಆದರೆ ಸಾಕ್ಷಿ ಹೇಳಿ ಮುಗಿಯುವ ತನಕ ಮಾತ್ರ. ಆಮೇಲೆ ಕೋರ್ಟಿನ ಹನ್ನೊಂದು ಮೆಟ್ಟಿಲು ಇಳಿಯುವುದಿದೆ. ನಿನ್ನೆ ಹೋಗಿ ಎಣಿಸಿ ಬಂದೆ.

ಇವತ್ತು ಬೆಳಿಗ್ಗೆ ಒಬ್ಬ ಅಧಿಕಾರಿ ಕೋಣೆಗೇ ಬಂದ. ಬಹಳ ಮರ್ಯಾದಸ್ಥ, ಚಪ್ಪಲಿ ಬಿಡಲೇ ಎಂದು ಕೇಳಿ ಒಳಗೆ ಬಂದ. “ನಾಳೆ ತಲೆನೋವು ಅಂತ ಮಲಗಿಬಿಡಿ ಸರ್, ಸಂಜೆ ವಿಮಾನ ಹತ್ತಿಸೋದು ನಮ್ಮ ಜವಾಬ್ದಾರಿ” ಅಂದ. ಅವನು ಹೋದ ಮೇಲೆ ಅರ್ಧ ಗಂಟೆ ನಾನು ನಿಜವಾಗಿಯೂ ಆ ವಿಮಾನದಲ್ಲೇ ಕೂತಿದ್ದೆ, ಅಕ್ಕಾ. ನಿನ್ನ ಮನೆಯ ಕರೆಗಂಟೆ ಒತ್ತಿದ್ದೆ. ಈಗ ಶರ್ಟನ್ನು ಕುರ್ಚಿಗೆ ಹಾಕಿದ್ದೇನೆ. ನಾಳೆ ಹೋಗುತ್ತೇನೆ. ಬೇರೆ ದಾರಿ ಕಾಣಿಸಲಿಲ್ಲ.

ಇದನ್ನು ವಕೀಲರ ಕಚೇರಿಯ ಟೈಪಿಸ್ಟ್ ಗಡಿಯಾಚೆ ಒಯ್ದು ಅಂಚೆಗೆ ಹಾಕುತ್ತಾರೆ. ನನ್ನ ಹೆಂಡತಿಗೆ ನೀನೇ ಮೆಲ್ಲಗೆ ತಿಳಿಸು. ನಾನು ಹೇಳಲು ಹೋದರೆ ಹೊರಡಲಾಗುತ್ತಿರಲಿಲ್ಲ. ಭಾವನಿಗೆ ಕಣ್ಣುಜ್ಜಿಕೊಳ್ಳಬೇಡಿ ಎನ್ನು. ನಿಮ್ಮಿಬ್ಬರ ಕಾಲಿಗೂ ಇಲ್ಲಿಂದಲೇ ಬಗ್ಗಿದ್ದೇನೆ, ನೋಯುವ ಕಾಲಿಗೆ ಸ್ವಲ್ಪ ಹೆಚ್ಚು.

ನಿನ್ನ ತಮ್ಮ,
ಪುಕ್ಕಲ

ತಾ.ಕ.: ಟೈಪಿಸ್ಟ್ ಬಾಗಿಲಲ್ಲೇ ನಿಂತಿದ್ದಾರೆ. ಇದನ್ನು ಎರಡು ಸಲ ಓದು. ಮುಂದಿನ ವಾರವೋ ತಿಂಗಳೋ ನನ್ನ ಕೈಬರಹದಲ್ಲಿ ಇನ್ನೊಂದು ಕಾಗದ ಬರಬಹುದು, ನಾನು ಹೇಳಿದ್ದೆಲ್ಲ ಸುಳ್ಳು ಎಂದು. ಟಿವಿಯಲ್ಲಿ ನಾನೇ ಕೂತು ಹೇಳಲೂಬಹುದು. ಅಕ್ಷರವೂ ನನ್ನದೇ, ಮುಖವೂ ನನ್ನದೇ ಇರುತ್ತದೆ. ನಾನು ತಡೆದುಕೊಳ್ಳುವವನಲ್ಲ, ನಿನಗೆ ಗೊತ್ತು. ನೀನು ಕನ್ನಡಿ ಒಡೆದ ದಿನ ಅಪ್ಪ ಬೆಲ್ಟಿಗೆ ಕೈ ಹಾಕುವ ಮೊದಲೇ ನಾನೇ ಒಡೆದೆ ಎಂದು ಒಪ್ಪಿಕೊಂಡವನು ನಾನು. ಆವತ್ತು ನೀನು ಒಳಗಿನಿಂದ ಓಡಿ ಬಂದು, “ಅವನು ಹೆದರಿ ಹೇಳ್ತಿದಾನೆ ಅಪ್ಪಾ” ಅಂದೆ. ಈ ಸಲವೂ ಹಾಗೇ ಎಲ್ಲರೆದುರು ಬಂದು ಹೇಳು. ಆ ಡಬ್ಬಿಗಳಲ್ಲಿ ಇದ್ದದ್ದು ನೀರು.